ನಾಯಿಬಂಡಿ ಬೇರೆ, ಸಾಮಿ ಜನ ಬೇರೆ

ಕೇಳುಗರಿಗೆ ನಮಸ್ಕಾರ. ಚಳಿಗಾಲದಲ್ಲಿ ನಾರ್ವೆಯ ಉತ್ತರ ತುದಿಗೆ ಹೋಗುವವರಿಗೆ ಟೂರ್ ಕಂಪನಿಗಳು ಎರಡು ಸಂಗತಿಯನ್ನು ಒಂದೇ ಗಂಟು ಕಟ್ಟಿ ಮಾರುತ್ತವೆ. ಹಸ್ಕಿ ನಾಯಿಗಳು ಎಳೆಯುವ ಜಾರುಬಂಡಿ, ಆಮೇಲೆ ಸಾಮಿ ಜನರ ಗುಡಾರದಲ್ಲಿ ಊಟ. ಸಾಮಿಗಳು ಅಂದರೆ ನಾರ್ವೆ, ಸ್ವೀಡನ್, ಫಿನ್ಲೆಂಡ್ ದೇಶಗಳ ಉತ್ತರ ಭಾಗದ ಮೂಲನಿವಾಸಿಗಳು. ಹೀಗಾಗಿ ನಾಯಿಬಂಡಿಯೂ ಸಾಮಿಗಳದ್ದೇ ಅಂತ ಅನಿಸಿಬಿಡುತ್ತದೆ ಅಲ್ವಾ? ಅಲ್ಲ. ಸಾಮಿಗಳ ಬಂಡಿ ಎಳೆಯುತ್ತಿದ್ದದ್ದು ಹಿಮಸಾರಂಗ. ಅವರ ನಾಯಿಯ ಕೆಲಸ ಸಾರಂಗದ ಹಿಂಡು ಕಾಯುವುದು. ಹಸ್ಕಿಗಳು ಸೈಬೀರಿಯಾ, ಅಲಾಸ್ಕಾ ಕಡೆಯ ತಳಿ. ಆಲ್ಟಾ ಊರಿನಿಂದ ಹೊರಡುವ ಹೆಸರುವಾಸಿ ನಾಯಿಬಂಡಿ ಓಟ ಶುರುವಾದದ್ದೇ 1981ರಲ್ಲಿ.

ಹಾಗಂತ ನಾಯಿಬಂಡಿ ಬೇಡ ಅನ್ನುತ್ತಿಲ್ಲ, ನನಗಂತೂ ಅದು ಬಹಳ ಇಷ್ಟ. ಹೊರಡುವ ಮುಂಚಿನ ಗಲಾಟೆ ನೀವು ಕೇಳಬೇಕು. ಮೈಗೆ ಪಟ್ಟಿ ಕಟ್ಟಿದ ಕೂಡಲೇ ಊಳಿಡುವುದೇನು, ನೆಗೆಯುವುದೇನು, ಹಗ್ಗ ಕಚ್ಚುವುದೇನು, ಪಕ್ಕದವರ ಮಾತೇ ಕೇಳಿಸದಷ್ಟು ರಂಪ, ಹಿಮಕ್ಕೆ ಚುಚ್ಚಿದ ಒಂದು ಕಬ್ಬಿಣದ ಕೊಕ್ಕೆ ಬಂಡಿಯನ್ನು ಹೇಗೋ ತಡೆದು ನಿಲ್ಲಿಸಿರುತ್ತದೆ. ಕೊಕ್ಕೆ ಕಿತ್ತರೆ ಎಲ್ಲ ಗಪ್‌ಚುಪ್. ಬರೀ ಓಟ. ಬಾಯಾರಿದರೆ ಓಡುತ್ತಲೇ ಪಕ್ಕದ ಹಿಮಕ್ಕೆ ಬಾಯಿ ಹಾಕುತ್ತವೆ. ಕಕ್ಕಸು ಮಾಡುವುದೂ ಓಡುತ್ತಲೇ! ಬಂಡಿಯಲ್ಲಿ ಕೂತವರ ಮೂಗಿಗೆ ಅದು ಬಂದೇ ಬರುತ್ತದೆ, ಜಾಹೀರಾತಿನಲ್ಲಿ ಮಾತ್ರ ಇರುವುದಿಲ್ಲ.

ಚಳಿಯ ಬಗ್ಗೆ ಒಂದು ಮಾತು. ಟ್ರೋಮ್ಸೊ ಕಡಲ ಪಕ್ಕದ ಊರು, ಸಮುದ್ರದ ಬಿಸಿಪ್ರವಾಹ ಅದನ್ನು ಕಾಪಾಡುತ್ತದೆ. ಒಳನಾಡಿನ ಕಾರಾಶೋಕ್ ಹಾಗಲ್ಲ. 1886ರಲ್ಲಿ ಅಲ್ಲಿ ಸೊನ್ನೆಗಿಂತ 51.4 ಡಿಗ್ರಿ ಕೆಳಗೆ ಇಳಿದಿತ್ತು, ನಾರ್ವೆಯ ದಾಖಲೆ ಅದು. ಒಳಗೆ ಹತ್ತಿ ಬಟ್ಟೆ ಬೇಡವೇ ಬೇಡ, ಉಣ್ಣೆ ಹಾಕಿ.

ಇದೇ ಕಾರಾಶೋಕ್‌ನಲ್ಲಿ ನಾರ್ವೆಯ ಸಾಮಿ ಸಂಸತ್ತು, ಅಂದರೆ ಸಾಮಿಗಳೇ ಆರಿಸುವ ಅವರದೇ ಸಭೆ ಇದೆ, 1989ರಲ್ಲಿ ಶುರುವಾದದ್ದು. ಅದಕ್ಕೂ ಮುಂಚೆ ಹಲವು ತಲೆಮಾರಿನ ಸಾಮಿ ಮಕ್ಕಳು ಶಾಲೆಯಲ್ಲಿ ತಮ್ಮ ಭಾಷೆ ಆಡುವ ಹಾಗಿರಲಿಲ್ಲ. ಅವರ ಯೋಯ್ಕ್ ಹಾಡು ಪಾಪ ಅಂತ ಪಾದ್ರಿಗಳು ಹೇಳುತ್ತಿದ್ದರು. ಗುಡಾರದಲ್ಲಿ ಬೆಂಕಿಯ ಪಕ್ಕ ಕೂತು ಸಾರಂಗದ ಮಾಂಸದ ಸಾರು ಕುಡಿಯುತ್ತ ಯೋಯ್ಕ್ ಕೇಳುವಾಗ ಇದು ಗೊತ್ತಿರಲಿ.

ಎಲ್ಲ ಸಾಮಿಗಳೂ ಸಾರಂಗ ಸಾಕುವುದಿಲ್ಲ, ಸಾಕುವವರು ಕಡಿಮೆ. ಕರುವಿನ ಕಿವಿಯನ್ನು ಚಾಕುವಿನಿಂದ ಸ್ವಲ್ಪ ಕತ್ತರಿಸಿ ಗುರುತು ಮಾಡುತ್ತಾರೆ, ಒಬ್ಬೊಬ್ಬ ಯಜಮಾನರಿಗೂ ಬೇರೆ ಬೇರೆ ಗುರುತು. "ನಿಮ್ಮ ಹತ್ತಿರ ಎಷ್ಟು ಸಾರಂಗ ಇವೆ?" ಅಂತ ಮಾತ್ರ ಕೇಳಬೇಡಿ. ಗುರುತಿಲ್ಲದವರ ಮನೆಗೆ ಹೋಗಿ ಬ್ಯಾಂಕ್ ಪಾಸ್‌ಬುಕ್ ತೋರಿಸಿ ಅಂದ ಹಾಗೆ ಅದು. ಚಳಿಗಾಲ ಹೇಗಿದೆ ಅಂತ ಕೇಳಿ, ಬೇಕಾದಷ್ಟು ಮಾತಾಡುತ್ತಾರೆ. ಈಗೀಗ ನಡುಚಳಿಗಾಲದಲ್ಲೂ ಮಳೆ ಬೀಳುತ್ತದೆ, ಆ ನೀರು ಹೆಪ್ಪುಗಟ್ಟಿ ನೆಲದ ಮೇಲೆ ಗಾಜಿನಂಥ ಪದರ ಕೂರುತ್ತದೆ, ಅದರ ಕೆಳಗಿರುವ ಮೇವು ಸಾರಂಗದ ಗೊರಸಿಗೆ ಎಟುಕುವುದೇ ಇಲ್ಲ. ಮೇವು ಅಂದರೆ ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗದ್ದೇ. ಆಗ ದುಡ್ಡು ಕೊಟ್ಟು ಮೇವು ತರಿಸಬೇಕು.

ಫಿನ್ಲೆಂಡ್ ಕಡೆ ಇನ್ನೊಂದು ರಗಳೆ. ಸಾಮಿಗಳಲ್ಲದವರು ಸಾಮಿ ಉಡುಪು ತೊಟ್ಟು ಪ್ರವಾಸಿಗರ ಮುಂದೆ ನಿಲ್ಲುತ್ತಿದ್ದರು. ಬೇಸತ್ತ ಅಲ್ಲಿನ ಸಾಮಿ ಸಂಸತ್ತು 2018ರಲ್ಲಿ ಪ್ರವಾಸೋದ್ಯಮಕ್ಕೆ ನಿಯಮಾವಳಿಯನ್ನೇ ತಂದಿತು. ಆದ್ದರಿಂದ ಬುಕ್ ಮಾಡುವ ಮುಂಚೆ, ಇದನ್ನು ನಡೆಸುವವರು ಸಾಮಿಗಳೇನಾ ಅಂತ ನೇರವಾಗಿ ಕೇಳಿ, ಸಂಕೋಚ ಬೇಡ. ಸ್ವೀಡನ್ನಿನ ಯೊಕ್‌ಮೊಕ್‌ನಲ್ಲಿ 1605ರಿಂದ ನಡೆಯುವ ಚಳಿಗಾಲದ ಜಾತ್ರೆಗಾದರೆ ಸಾಮಿಗಳೇ ದೂರದೂರದಿಂದ ಬರುತ್ತಾರೆ. ಫೆಬ್ರವರಿಯ ಮೊದಲ ಗುರುವಾರ ಶುರು. ಚಿಕ್ಕ ಊರು, ರೂಮು ಬೇಗ ಮುಗಿದುಹೋಗುತ್ತವೆ, ಮೊದಲೇ ಹಿಡಿದಿಟ್ಟುಕೊಳ್ಳಿ.