ರೋಗ ಒಂದೇ, ಗುಳಿಗೆ ಬೇರೆ

ಕೇಳುಗರಿಗೆ ನಮಸ್ಕಾರ. ಯಾರೂ ಇಲ್ಲದಾಗ ಕಿವಿಗೆ ಮಾತು ಕೇಳಿಸುವುದು, ಊಟದಲ್ಲಿ ವಿಷ ಬೆರೆಸಿದ್ದಾರೆಂಬ ಅನುಮಾನ ಬಲಿಯುವುದು, ಇಂಥ ಲಕ್ಷಣಗಳ ಸ್ಕಿಜೋಫ್ರೇನಿಯಾ ಮೊದಲಾದ ತೀವ್ರ ಮನೋರೋಗಗಳಿಗೆ ಔಷಧ ಪಡೆಯುವವರ ಮನೆಯವರು ಆಸ್ಪತ್ರೆಯಲ್ಲಿ ಚೀಟಿಗಳನ್ನು ಹೋಲಿಸಿ ನೋಡಿ, "ರೋಗ ಒಂದೇ ಅಂತೀರಿ, ಗುಳಿಗಿ ಯಾಕ ಬ್ಯಾರೆ?" ಎಂದು ಕೇಳುವುದುಂಟು. ಕೇಳಲೇಬೇಕಾದ ಪ್ರಶ್ನೆ ಅದು.

1952ರಲ್ಲಿ ಈ ರೋಗಗಳಿಗೆ ಕ್ಲೋರ್‌ಪ್ರೊಮಜೀನ್ ಎಂಬ ಔಷಧ ಬಳಕೆಗೆ ಬಂದ ಮೇಲೆ ಹತ್ತಾರು ಔಷಧಗಳು ಬಂದಿವೆ. ರೋಗ ತಗ್ಗಿಸುವ ಶಕ್ತಿಯಲ್ಲಿ, ಹೆಚ್ಚು ಬಲದ ಕ್ಲೋಜಪಿನ್ ಒಂದನ್ನು ಬಿಟ್ಟರೆ, ಅವುಗಳ ನಡುವೆ ದೊಡ್ಡ ಅಂತರವಿಲ್ಲ. ಅಡ್ಡಪರಿಣಾಮಗಳಲ್ಲಿ ಮಾತ್ರ ಬಹಳ ಅಂತರವಿದೆ. ಓಲಾಂಜಪಿನ್ ತೂಕವನ್ನೂ ರಕ್ತದ ಸಕ್ಕರೆಯನ್ನೂ ಏರಿಸಬಲ್ಲದು. ರಿಸ್ಪೆರಿಡೋನ್‌ನಿಂದ ಕೆಲವು ಹೆಣ್ಣುಮಕ್ಕಳ ಮುಟ್ಟು ನಿಲ್ಲುತ್ತದೆ. ಹೊಸದಾಗಿ ಮದುವೆಯಾದವಳು ಅದನ್ನು ಯಾರಿಗೂ ಹೇಳಲಾರದೆ ಗುಳಿಗೆಯನ್ನೇ ಬಿಟ್ಟರೆ, ತಾವಾಗಿ ವಿಚಾರಿಸದ ವೈದ್ಯರಿಗೆ ಕಾರಣ ತಿಳಿಯುವುದಿಲ್ಲ. ಬೀಡಿಯ ಹೊಗೆ ಓಲಾಂಜಪಿನ್ ಮತ್ತು ಕ್ಲೋಜಪಿನ್‌ಗಳನ್ನು ಯಕೃತ್ತಿನಲ್ಲಿ ಬೇಗ ಕರಗಿಸುವುದರಿಂದ, ಬೀಡಿಯನ್ನು ಹಠಾತ್ತನೆ ಬಿಟ್ಟವರಿಗೆ ಹಳೆಯ ಪ್ರಮಾಣವೇ ಹೆಚ್ಚಾಗಿಬಿಡಬಹುದು. ಬೀಡಿ ಬಿಡಲೇಬೇಕು, ಆದರೆ ವೈದ್ಯರಿಗೆ ತಿಳಿಸಿ.

ಇನ್ನು ನಮ್ಮ ಕಲಬುರಗಿಯ ಬಿಸಿಲು. ಈ ಔಷಧಗಳಲ್ಲಿ ಹಲವು ದೇಹದ ಉಷ್ಣತೆಯ ಹತೋಟಿಯನ್ನು ಕೆಡಿಸುತ್ತವೆ. ಕೈಕಾಲಿನ ಬಿಗಿತಕ್ಕೆಂದು ಜೊತೆಗೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಬೆವರನ್ನು ತಗ್ಗಿಸುತ್ತದೆ. ಶಹಾಬಾದಿನ ಕಲ್ಲುಗಣಿಯಲ್ಲಿ ಮೇ ತಿಂಗಳ ಮಧ್ಯಾಹ್ನ ದುಡಿಯುವವನಿಗೂ ನೆರಳಿನ ಅಂಗಡಿಯಲ್ಲಿ ಕೂರುವವನಿಗೂ ಒಂದೇ ಚೀಟಿ ಬರೆಯುವುದು ಅಪಾಯಕರ. ಬೇಸಿಗೆಗೆ ಮೊದಲೇ ಪ್ರಮಾಣವನ್ನೂ ದುಡಿಮೆಯ ವೇಳೆಯನ್ನೂ ವೈದ್ಯರೊಡನೆ ಕೂತು ಮಾತಾಡಬೇಕು. ಯಾದಗಿರಿಯಿಂದ ಬೆಂಗಳೂರಿಗೋ ಮುಂಬಯಿಗೋ ದುಡಿಯಲು ಗುಳೆ ಹೋಗುವವರಿಗೆ ದಿನದ ಗುಳಿಗೆಗಿಂತ ತಿಂಗಳಿಗೊಮ್ಮೆ ಪಡೆಯುವ ಇಂಜೆಕ್ಷನ್ ಅನುಕೂಲವಾದೀತು.

ಎರಡು ಔಷಧಗಳನ್ನು, ಒಂದೊಂದನ್ನೂ ತಕ್ಕ ಪ್ರಮಾಣದಲ್ಲಿ ಸುಮಾರು 6 ವಾರ ತಪ್ಪದೆ ತೆಗೆದುಕೊಂಡರೂ ಗುಣ ಕಾಣದಿದ್ದರೆ ಕ್ಲೋಜಪಿನ್ ಯೋಚಿಸಬೇಕು. ಬಿಳಿ ರಕ್ತಕಣಗಳು ಅಪಾಯಕರವಾಗಿ ಇಳಿಯಬಹುದಾದ್ದರಿಂದ ಮೊದಲ ತಿಂಗಳುಗಳಲ್ಲಿ ವಾರವಾರ ರಕ್ತಪರೀಕ್ಷೆ ಬೇಕು. ಆ ಓಡಾಟಕ್ಕೆ ಅಂಜಿ, ಮೂರನೆಯ, ನಾಲ್ಕನೆಯ ಗುಳಿಗೆ ಬದಲಿಸುತ್ತ ವರ್ಷಗಳನ್ನು ಕಳೆಯುವುದು ನನಗೆ ತೀರ ನೋವಿನ ಸಂಗತಿ. ಪರೀಕ್ಷೆಯನ್ನು ತಾಲೂಕಿನಲ್ಲೇ ಮಾಡಿಸಬಹುದೇ ಎಂದು ಮೊದಲು ವಿಚಾರಿಸಿ.

ರೋಗಿಯ ಮಾತಿಗೆ ಕಾನೂನಿನ ಬಲವೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ತಿಳಿವು ನೆಟ್ಟಗಿರುವ ವಯಸ್ಕರು ತಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚಿತವಾಗಿ ಬರೆದಿಡಬಹುದು. ಚೇತರಿಸಿಕೊಂಡಿರುವ ಈ ದಿನಗಳಲ್ಲೇ, ಯಾವ ಔಷಧದಿಂದ ಮೈ ಬಿಗಿಯಿತು, ಯಾವುದರಿಂದ ನಿದ್ದೆ ಬಂತು ಎಂಬುದನ್ನು ಮನೆಯವರೊಡನೆ ಕೂತು ಬರೆದುಕೊಳ್ಳಿ. ಸಲಹೆ ಬೇಕಾದರೆ 14416 ಸಂಖ್ಯೆಯ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕನ್ನಡದಲ್ಲೇ ಕರೆ ಮಾಡಬಹುದು.