ಉತ್ತರಕ್ಕೆ ಕಾಯುವ ಹೊತ್ತು

ಶಿರಸಿ, ಯಲ್ಲಾಪುರ, ಮುಂಡಗೋಡ ಕಡೆಯಿಂದ ಬಂದಿರುವ ಗುರುಬಂಧುಗಳೇ, ನಮಸ್ಕಾರ.

"ಆ ಕೇರಿಯ ಮಕ್ಕಳಿಗೆ ಓದು ತಲೆಗೆ ಹತ್ತುವುದಿಲ್ಲ, ಆಟಕ್ಕಾದರೆ ಮುಂದು." ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳ ಬಗ್ಗೆ ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಹೇಳುವವರು ಕೆಟ್ಟವರಲ್ಲ, ಮಕ್ಕಳ ಮೇಲೆ ಅಕ್ಕರೆ ಇರುವವರೇ. ಆದರೆ ಇಂಥ ನಂಬಿಕೆ ನಮ್ಮ ಜೊತೆ ತರಗತಿಗೂ ಬರುತ್ತದೆ. ಯಾರಿಗೆ ಪ್ರಶ್ನೆ ಹಾಕಬೇಕು, ಯಾರನ್ನು ಸುಮ್ಮನೆ ಕೂರಲು ಬಿಡಬೇಕು ಎಂಬುದನ್ನು ನಮಗೆ ತಿಳಿಯದಂತೆ ಅದೇ ತೀರ್ಮಾನಿಸುತ್ತದೆ.

1970ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ವಿಜ್ಞಾನ ಪಾಠಗಳನ್ನು ಧ್ವನಿಮುದ್ರಿಸಿ ಕೇಳಿದರು. ಪ್ರಶ್ನೆ ಹಾಕಿದ ಶಿಕ್ಷಕರು ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡು. ಜಾಣರೆಂದು ತಾವು ನಂಬಿದ ಮಕ್ಕಳಿಗೆ ಮಾತ್ರ ಇನ್ನಷ್ಟು ಹೊತ್ತು. ಕಾಯುವುದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಹಿಂದುಳಿದವರು ಎನಿಸಿಕೊಂಡ ಮಕ್ಕಳೂ ಬಾಯಿ ಬಿಟ್ಟರು.

ಇದನ್ನು ನಮ್ಮ ಶಾಲೆಗೆ ತಂದು ನೋಡಿ. ಸಿದ್ದಿ ಮಗುವಿನ ಮನೆಮಾತು ಕೊಂಕಣಿಗೆ ಹತ್ತಿರ, ದನ-ಎಮ್ಮೆ ಸಾಕುವ ಗೌಳಿ ಸಮುದಾಯದ ಮಗುವಿನದು ಮರಾಠಿಗೆ. ಪುಸ್ತಕದ ಕನ್ನಡದಲ್ಲಿ ಬಂದ ಪ್ರಶ್ನೆಯನ್ನು ಆ ಮಗು ಮೊದಲು ತನ್ನ ಮಾತಿಗೆ ಇಳಿಸಿಕೊಳ್ಳಬೇಕು, ಉತ್ತರವನ್ನು ಮತ್ತೆ ಕನ್ನಡಕ್ಕೆ ತರಬೇಕು. ಅಷ್ಟರಲ್ಲಿ ನಾವು ಮುಂದಿನ ಬೆಂಚಿಗೆ ಹೋಗಿರುತ್ತೇವೆ. ದೊಡ್ಡವರೆದುರು ಎದುರಾಡಬಾರದೆಂದು ಮನೆಯಲ್ಲಿ ಕಲಿತ ಮಗುವೂ ಹೀಗೇ ಸುಮ್ಮನಿರುತ್ತದೆ. ಅದು ಕೊಟ್ಟ ಮರ್ಯಾದೆಯನ್ನು ನಾವು ದಡ್ಡತನವೆಂದು ಓದಿಕೊಳ್ಳುತ್ತೇವೆ.

ಜಾತಿಯ ಮಾತನ್ನೂ ಬಿಚ್ಚಿ ಆಡೋಣ. ಉತ್ತರ ಪ್ರದೇಶದಲ್ಲಿ ಸಂಶೋಧಕರಾದ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಶಾಲಾ ಹುಡುಗರಿಗೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಜಾತಿ ಹೇಳದಿದ್ದಾಗ ಎಲ್ಲರೂ ಹೆಚ್ಚುಕಡಿಮೆ ಸಮ. ಎಲ್ಲರೆದುರು ಜಾತಿ ಕೂಗಿದಾಗ ದಲಿತ ಹುಡುಗರು ಬಿಡಿಸಿದ ಒಗಟುಗಳು ಕಡಿಮೆಯಾದವು. ವಿದ್ಯಾರ್ಥಿವೇತನದ ಪಟ್ಟಿಯನ್ನು ತರಗತಿಯಲ್ಲಿ ಜಾತಿವಾರು ಗಟ್ಟಿಯಾಗಿ ಓದುವ ರೂಢಿ ಎಲ್ಲಿದ್ದರೂ ಇವತ್ತೇ ನಿಲ್ಲಬೇಕು. 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನನ್ನನ್ನು ಹೆಚ್ಚು ಕಾಡಿದೆ. ಉತ್ತರಪತ್ರಿಕೆಯ ಮೇಲೆ ಕೆಳಜಾತಿ ಎಂದಿದ್ದರೆ ಅಂಕ ಸ್ವಲ್ಪ ಇಳಿಯುತ್ತಿತ್ತು. ಹಾಗೆ ಇಳಿಸಿದವರಲ್ಲಿ ಹೆಚ್ಚಿನವರು ಅದೇ ಜಾತಿಗಳಿಂದ ಬಂದ ಶಿಕ್ಷಕರು! ಆದ್ದರಿಂದ "ನಾನೂ ಅದೇ ಜಾತಿಯಿಂದ ಬಂದವನು, ನನ್ನಲ್ಲಿ ಭೇದವಿಲ್ಲ" ಎಂದು ಯಾರೂ ನಿಶ್ಚಿಂತೆಯಿಂದ ಇರುವಂತಿಲ್ಲ.

ಇನ್ನು, ಯಾವುದನ್ನು ಜ್ಞಾನವೆಂದು ಒಪ್ಪುತ್ತೇವೆ ಎಂಬುದು. ಅಂಕೋಲೆಯ ಹೊನ್ನಳ್ಳಿಯ, ಹಾಲಕ್ಕಿ ಸಮುದಾಯದ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಯಾವ ಮರದ ಬೀಜವನ್ನು ಯಾವಾಗ ತರಬೇಕೆಂಬ ಅವರ ತಿಳಿವಳಿಕೆಯನ್ನು ಅರಣ್ಯ ಇಲಾಖೆ ನೆಚ್ಚಿತು, 2020ರ ಸಾಲಿನ ಪದ್ಮಶ್ರೀಯೂ ಬಂತು. ನಾವು ಅವರ ಚಿತ್ರಕ್ಕೆ ಹೂವಿಡುತ್ತೇವೆ, ಹಾಲಕ್ಕಿ ಮಗು ಕಾಡಿನ ಗಿಡದ ಹೆಸರು ಹೇಳಿದರೆ "ಪುಸ್ತಕದಲ್ಲಿರುವುದನ್ನು ಹೇಳು" ಎನ್ನುತ್ತೇವೆ. ಅಘನಾಶಿನಿ ಹೊಳೆಯ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ಮನೆಯ ಮಗುವಿಗೆ ಅಮಾವಾಸ್ಯೆ, ಹುಣ್ಣಿಮೆಗೆ ಸಮುದ್ರದ ಭರತ ಏರುವುದು ಗೊತ್ತು. ಚಂದ್ರನ ಪಾಠವನ್ನು ಅಲ್ಲಿಂದಲೇ ಶುರುಮಾಡಬಹುದು.

ಊಟದ ನಂತರದ ಗುಂಪು ಚರ್ಚೆಗೆ ಒಂದು ಕೆಲಸ: ಹಿಂದಿನ ವಾರ ನೀವು ಒಮ್ಮೆಯೂ ಪ್ರಶ್ನೆ ಕೇಳದ ಮಕ್ಕಳ ಹೆಸರು ಬರೆದುಕೊಳ್ಳಿ. ಅವರು ಯಾವ ಕೇರಿಯವರು, ಮನೆಯಲ್ಲಿ ಯಾವ ಮಾತಾಡುತ್ತಾರೆ ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ಆ ಚೀಟಿ ನಿಮ್ಮ ಬಳಿಯೇ ಇರಲಿ, ಯಾರಿಗೂ ತೋರಿಸಬೇಕಾಗಿಲ್ಲ.