ಮೂಗಿನ ದಾರಿಯಲ್ಲಿ ಮಿದುಳಿನ ಗಡ್ಡೆ: ಆ ಕೈಗಳು ಪಳಗುವುದು ಎಲ್ಲಿ?

ಕಲಬುರಗಿ, ಬೀದರ್, ಯಾದಗಿರಿಯ ಕೇಳುಗರೆಲ್ಲರಿಗೂ ನಮಸ್ಕಾರ.

ತೊಗರಿ ಹೊಲದಿಂದ ಮನೆಗೆ ಹೊರಟ ರೈತನಿಗೆ ಎದುರಿನ ದಾರಿ ಚೆನ್ನಾಗಿಯೇ ಕಾಣುತ್ತದೆ. ಪಕ್ಕದಿಂದ ಬರುವ ಬೈಕ್ ಕಾಣುವುದಿಲ್ಲ. ಬಾಗಿಲಲ್ಲಿ ಹಾಯುವಾಗ ಚೌಕಟ್ಟಿಗೆ ಭುಜ ಬಡಿಯುತ್ತದೆ. ಕನ್ನಡಕ ಬದಲಿಸಿದರೂ ಗುಣ ಕಾಣದಿದ್ದಾಗ ಕಣ್ಣಿನ ವೈದ್ಯರು ಎಂಆರ್‌ಐ ಮಾಡಿಸಲು ಹೇಳುತ್ತಾರೆ. ಮಿದುಳಿನ ತಳದಲ್ಲಿ ಬಟಾಣಿಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಬೆಳೆದು, ಮೇಲಿರುವ ದೃಷ್ಟಿನರಗಳನ್ನು ಒತ್ತುತ್ತಿರುವುದು ಆಗ ತಿಳಿಯುತ್ತದೆ. ಇಂಥ ಗಡ್ಡೆಗಳಲ್ಲಿ ಬಹುತೇಕ ಕ್ಯಾನ್ಸರ್ ಅಲ್ಲ. ಹೆಚ್ಚಿನವನ್ನು ತಲೆಬುರುಡೆ ತೆರೆಯದೆ ಮೂಗಿನ ಹೊಳ್ಳೆಗಳ ಮೂಲಕವೇ ತೆಗೆಯುತ್ತಾರೆ.

ಸೊಲ್ಲಾಪುರಕ್ಕೋ ಹೈದರಾಬಾದಿಗೋ ರೈಲು ಹತ್ತುವ ಮನೆಯವರು, "ತಲೆ ಕೊಯ್ಯುವುದಿಲ್ಲವಂತೆ, ಸಣ್ಣ ಆಪರೇಷನ್" ಎಂದು ಸಮಾಧಾನ ಪಟ್ಟುಕೊಳ್ಳುತ್ತಾರೆ. ಅಂಗರಚನಾಶಾಸ್ತ್ರ ಕಲಿಸುವ ನನಗೆ ಈ ಮಾತು ಕೇಳಿದಾಗಲೆಲ್ಲ ಏನಾದರೂ ಹೇಳಬೇಕೆನಿಸುತ್ತದೆ. ದಾರಿ ಕಿರಿದಾದಷ್ಟೂ ಕಲಿಕೆ ದೀರ್ಘವಾಗುತ್ತದೆ. ಆ ಗ್ರಂಥಿಯ ಎಡಕ್ಕೂ ಬಲಕ್ಕೂ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ಅಪಧಮನಿಗಳಿವೆ. ಶಸ್ತ್ರವೈದ್ಯರು ನೋಡುವುದು ಸುಮಾರು 4 ಮಿಲಿಮೀಟರ್ ದಪ್ಪದ ಎಂಡೋಸ್ಕೋಪ್ ಎಂಬ ಕ್ಯಾಮೆರಾ ಕೊಳವೆ ಪರದೆಗೆ ಕಳಿಸುವ ಚಿತ್ರವನ್ನು. ಸಾಮಾನ್ಯ ಪರದೆಯಲ್ಲಿ ಆಳ ತಿಳಿಯುವುದಿಲ್ಲ. ಉಪಕರಣವನ್ನು ಮುಂದೆ ಹಿಂದೆ ಆಡಿಸುತ್ತ ಕೈಯೇ ಆಳವನ್ನು ಅಳೆಯಲು ಕಲಿಯಬೇಕು.

ಎಂಬಿಬಿಎಸ್ ಮುಗಿದ ಮೇಲೆ ನರಶಸ್ತ್ರಚಿಕಿತ್ಸಕರಾಗಲು ಕನಿಷ್ಠ ಆರು ವರ್ಷ ಬೇಕು. ಕೈ ಪಳಗಿಸುವ ಅಭ್ಯಾಸಗಳು ನೋಡಲು ಬಲು ಸರಳ. ಹಸಿ ಕೋಳಿಮೊಟ್ಟೆಯ ಚಿಪ್ಪನ್ನು ಡ್ರಿಲ್‌ನಿಂದ ಸವೆಸಿ, ಒಳಗಿನ ತೆಳುಪೊರೆ ಹರಿಯದಂತೆ ತೆಗೆಯಬೇಕು. ಕೋಳಿಯ ರೆಕ್ಕೆಯಲ್ಲಿರುವ ಸಣ್ಣ ರಕ್ತನಾಳವನ್ನು ಕತ್ತರಿಸಿ, ಸೂಕ್ಷ್ಮದರ್ಶಕದಡಿ ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯಬೇಕು. ಬೆರಳಿನ ನಡುಕ, ಉಸಿರಿನ ಏರಿಳಿತ, ಮೊಣಕೈ ಊರುವ ಜಾಗ ಎಲ್ಲವೂ ಅಲ್ಲಿ ಬಯಲಾಗುತ್ತವೆ.

ಮುಂದಿನ ಪಾಠ ದಾನವಾಗಿ ಬಂದ ದೇಹದ ಮುಂದೆ. ಅಪಧಮನಿಗಳಿಗೆ ಕೆಂಪು, ಅಭಿಧಮನಿಗಳಿಗೆ ನೀಲಿ ಸಿಲಿಕೋನ್ ತುಂಬಿರುತ್ತಾರೆ. ಮೂಗಿನ ಒಳಗಿನಿಂದ ಮೂಳೆ ಸವೆಸುತ್ತ ಹೋದಾಗ ಆ ಕೆಂಪು ಎಲ್ಲಿ ಎದುರಾಗುತ್ತದೆ ಎಂಬುದನ್ನು ಕೈ ಅಲ್ಲಿಯೇ ಅರಿಯುತ್ತದೆ. ಕಂಪ್ಯೂಟರ್ ಸಿಮ್ಯುಲೇಟರ್‌ಗಳೂ ತ್ರೀಡಿ ಮುದ್ರಿತ ಮಾದರಿಗಳೂ ಬಂದಿವೆ, ನಿಜ. ಆದರೆ ಒಬ್ಬ ಮನುಷ್ಯನ ಮೂಳೆ ಇನ್ನೊಬ್ಬನದರಂತಿರುವುದಿಲ್ಲ. ಆ ವ್ಯತ್ಯಾಸವನ್ನು ದೇಹದಷ್ಟು ಚೆನ್ನಾಗಿ ಯಾವ ಯಂತ್ರವೂ ಕಲಿಸದು ಎಂಬುದು ನನ್ನ ಅನುಭವ.

ಕೊನೆಗೆ ಗುರುವಿನ ಪಕ್ಕ ನಿಲ್ಲಬೇಕು. ಈ ವಿದ್ಯೆ ಒಮ್ಮೆ ಕಣ್ಮರೆಯಾಗುವ ಹಂತಕ್ಕೆ ಬಂದಿತ್ತು. 1907ರಲ್ಲಿ ಆಸ್ಟ್ರಿಯಾದ ಶ್ಲೋಫರ್ ಮೂಗಿನ ದಾರಿಯಲ್ಲಿ ಪಿಟ್ಯುಟರಿ ಗಡ್ಡೆ ತೆಗೆದರು. ಅಮೆರಿಕದ ಹಾರ್ವಿ ಕುಶಿಂಗ್ ಆ ಕ್ರಮವನ್ನು ಬೆಳೆಸಿ, ಮುಂದೆ ತಾವೇ ಬಿಟ್ಟು ತಲೆಬುರುಡೆ ತೆರೆಯುವ ದಾರಿ ಹಿಡಿದರು. ಹೆಚ್ಚಿನವರು ಅವರನ್ನೇ ಅನುಸರಿಸಿದರು. ಕುಶಿಂಗ್ ಬಳಿ ಕಲಿತ ನಾರ್ಮನ್ ಡಾಟ್ ಮಾತ್ರ ಎಡಿನ್‌ಬರೋದಲ್ಲಿ ಹಳೆಯ ದಾರಿಯನ್ನು ಬಿಡಲಿಲ್ಲ. ಅವರಿಂದ ಪ್ಯಾರಿಸ್‌ನ ಗಿಯೊ, ಗಿಯೊ ಅವರಿಂದ ಮಾಂಟ್ರಿಯಲ್‌ನ ಜೂಲ್ಸ್ ಹಾರ್ಡಿ ಕಲಿತರು. 1960ರ ದಶಕದಲ್ಲಿ ಹಾರ್ಡಿ ಸೂಕ್ಷ್ಮದರ್ಶಕ ಬಳಸಿದ ಮೇಲೆ ಅದು ಮತ್ತೆ ಎಲ್ಲೆಡೆ ಹರಡಿತು. ನಾಲ್ಕೈದು ಜನರ ಕೈಯಿಂದ ಕೈಗೆ ದಾಟಿ ಉಳಿದ ವಿದ್ಯೆ ಇದು.

ಈಗ ಸಾಮಾನ್ಯವಾಗಿ ಇಬ್ಬರು ಒಟ್ಟಿಗೆ ಕೆಲಸ ಮಾಡುತ್ತಾರೆ: ಮೂಗಿನ ತಜ್ಞರು ಎಂಡೋಸ್ಕೋಪ್ ಹಿಡಿದರೆ ನರಶಸ್ತ್ರಚಿಕಿತ್ಸಕರು ಗಡ್ಡೆ ತೆಗೆಯುತ್ತಾರೆ. ಈ ಜೋಡಿ ಒಗ್ಗಲೂ ಕಾಲ ಬೇಕು. ಗಡ್ಡೆ ರಕ್ತನಾಳವನ್ನು ಸುತ್ತಿಕೊಂಡಿದ್ದರೆ ತಲೆಬುರುಡೆ ತೆರೆಯುವುದೇ ಕ್ಷೇಮವೆಂದು ಹೇಳುವ ವಿವೇಕವೂ ಪರಿಣತಿಯ ಭಾಗವೇ.

ಆದ್ದರಿಂದ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ: ಈ ಚಿಕಿತ್ಸೆಯನ್ನು ನಿಮ್ಮ ತಂಡ ಎಷ್ಟು ಬಾರಿ ಮಾಡಿದೆ? ಮಿದುಳಿನ ನೀರು ಮೂಗಿನಿಂದ ಸೋರಿದರೆ ಏನು ಮಾಡುತ್ತೀರಿ? ಒಳ್ಳೆಯ ವೈದ್ಯರು ಬೇಸರಿಸದೆ ಉತ್ತರಿಸುತ್ತಾರೆ.

ಇನ್ನೊಂದು ವಿನಂತಿ. ದೇಹದಾನದ ಬಗ್ಗೆ ಮನೆಯಲ್ಲಿ ಹಿರಿಯರೊಡನೆ ಮಾತನಾಡಿ. ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗಕ್ಕೆ ಹೋಗಿ ವಿಚಾರಿಸಿದರೆ ಅರ್ಜಿ ಕೊಡುತ್ತಾರೆ. ಸಹಿ ಹಾಕಿದ ಸಂಗತಿ ಮಕ್ಕಳಿಗೆ ಗೊತ್ತಿರಲಿ. ಸಾವಿನ ನಂತರ ತಡಮಾಡದೆ ಕಾಲೇಜಿಗೆ ಫೋನ್ ಮಾಡಬೇಕಾದವರು ಅವರೇ.